ಬಿತ್ತನೆ ಗಡ್ಡೆ, ಸಂಜೆಯ ಕರೆಂಟು ಮತ್ತು ಸಹಿಯಾಗದೆ ಉಳಿದ ಒಂದು ಒಪ್ಪಂದ

ಹಾಸನದ ಹೊರವಲಯದಲ್ಲಿರುವ ಒಂದು ಶೀತಲಗೃಹದಲ್ಲಿ ನಾನು ಹದಿನಾಲ್ಕು ವರ್ಷಗಳಿಂದ ವ್ಯವಸ್ಥಾಪಕನಾಗಿದ್ದೇನೆ. ಪಂಜಾಬಿನ ಜಲಂಧರ್ ಕಡೆಯಿಂದ ಲಾರಿಗಳಲ್ಲಿ ಬರುವ ಕುಫ್ರಿ ಜ್ಯೋತಿ ತಳಿಯ ಬಿತ್ತನೆ ಆಲೂಗಡ್ಡೆಯ ಮೂಟೆಗಳನ್ನು ಪೇರಿಸಿಟ್ಟು, ಮೇ ತಿಂಗಳಲ್ಲಿ ರೈತರ ಕೈಗೆ ಒಪ್ಪಿಸುವವರೆಗೆ 2ರಿಂದ 4 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಕಾಯುವುದು ನಮ್ಮ ಮುಖ್ಯ ಕೆಲಸ. ಉಷ್ಣತೆ ಏರಿದರೆ ಗಡ್ಡೆ ಹೊತ್ತಿಗೆ ಮುಂಚೆಯೇ ಮೊಳೆಯೊಡೆದು ಸೊರಗುತ್ತದೆ, ಅಂಥ ಗಡ್ಡೆಯನ್ನು ಬಿತ್ತಿದ ರೈತನ ಇಡೀ ಹಂಗಾಮು ಹಾಳಾಗುತ್ತದೆ. ಹೀಗಾಗಿ ನಮ್ಮ ಖರ್ಚಿನಲ್ಲಿ ಕೂಲಿಗಿಂತಲೂ ಬಾಡಿಗೆಗಿಂತಲೂ ದೊಡ್ಡದು ಕರೆಂಟಿನ ಬಿಲ್ಲು. ಅದೂ ಫೆಬ್ರುವರಿಯಿಂದ ಮೇವರೆಗೆ, ಅಂದರೆ ಇಡೀ ರಾಜ್ಯವೇ ವಿದ್ಯುತ್ತಿಗಾಗಿ ಬಾಯಿಬಿಡುವ ಬೇಸಿಗೆಯಲ್ಲಿ, ನಮ್ಮ ಬಳಕೆ ತುತ್ತತುದಿಗೆ ಏರುತ್ತದೆ. ಉಳಿದ ತಿಂಗಳುಗಳಲ್ಲಿ ಒಂದೆರಡು ಕೋಣೆಗಳಲ್ಲಿ ಹುಣಸೆಹಣ್ಣು, ಒಣಮೆಣಸಿನಕಾಯಿ ಇರುತ್ತವೆ, ಮಿಕ್ಕವು ಖಾಲಿ.

2023ರ ಆರಂಭದಲ್ಲಿ ನಮ್ಮಲ್ಲಿಗೆ ಒಬ್ಬ ಮಧ್ಯವರ್ತಿ ಬಂದರು. ಕೇಂದ್ರ ಸರ್ಕಾರ 2022ರ ಜೂನ್‌ನಲ್ಲಿ ತಂದ ಹಸಿರು ಇಂಧನ ಮುಕ್ತ ಪ್ರವೇಶ ನಿಯಮಗಳ ಪ್ರಕಾರ 100 ಕಿಲೋವಾಟ್ ಅಥವಾ ಅದಕ್ಕಿಂತ ಹೆಚ್ಚಿನ ಬೇಡಿಕೆಯುಳ್ಳ ಗ್ರಾಹಕರು ಸೌರ ಅಥವಾ ಪವನ ವಿದ್ಯುತ್ತನ್ನು ತಮಗೆ ಬೇಕಾದವರಿಂದ ಕೊಳ್ಳಬಹುದಾಗಿತ್ತು. ಅದಕ್ಕೆ ಮೊದಲು ಈ ಮಿತಿ 1 ಮೆಗಾವಾಟ್ ಇದ್ದುದರಿಂದ ನಮ್ಮಂಥವರಿಗೆ ಆ ಬಾಗಿಲು ಮುಚ್ಚಿಯೇ ಇತ್ತು. ಖಾಸಗಿ ಸೌರ ಘಟಕವೊಂದರ ವಿದ್ಯುತ್ತನ್ನು ನಮ್ಮ ಬಿಲ್ಲಿನ ದರಕ್ಕಿಂತ ಯೂನಿಟ್‌ಗೆ ಎರಡು ರೂಪಾಯಿ ಕಡಿಮೆಗೆ ಕೊಡಿಸುವುದಾಗಿ ಅವರು ಹೇಳಿದಾಗ ನಮ್ಮ ಯಜಮಾನರ ಮುಖ ಅರಳಿತು. ನಾನೂ ಯೋಚಿಸದೆ, “ಸಹಿ ಮಾಡೋಣ ಸರ್” ಎಂದುಬಿಟ್ಟೆ. ಒಪ್ಪಂದದ ಕರಡನ್ನು ಮನೆಗೆ ಒಯ್ದು, ಹಿಂದಿನ ಮೂರು ವರ್ಷಗಳ ಬಿಲ್ಲುಗಳನ್ನು ಪಕ್ಕದಲ್ಲಿಟ್ಟುಕೊಂಡು ಓದಿದ ಮೇಲೆಯೇ ನನ್ನ ಆತುರ ನನಗೆ ಕಂಡದ್ದು.

ಆ ಕಡಿಮೆ ದರ ಘಟಕದ ಬಾಗಿಲಿನಲ್ಲಿನ ದರವಾಗಿತ್ತು. ವಿದ್ಯುತ್ತು ಅಲ್ಲಿಂದ ನಮ್ಮ ಟ್ರಾನ್ಸ್‌ಫಾರ್ಮರ್‌ವರೆಗೆ ಬರಲು ಸಾಗಣೆ ಶುಲ್ಕ, ದಾರಿಯಲ್ಲಿ ಸೋರಿಹೋಗುವ ಯೂನಿಟ್‌ಗಳ ಕಡಿತ, ವಿತರಣಾ ಕಂಪನಿಯನ್ನು ಬಿಟ್ಟು ಹೊರಗಿನಿಂದ ಕೊಳ್ಳುವವರು ತೆರಬೇಕಾದ ಅಡ್ಡ ಸಹಾಯಧನದ ಮೇಲ್ತೆರಿಗೆ ಇವೆಲ್ಲ ಸೇರುತ್ತಿದ್ದವು. ಬಳಸಲಿ ಬಿಡಲಿ, ನಿಗದಿತ ಬೇಡಿಕೆಯ ಶುಲ್ಕವನ್ನು ವಿತರಣಾ ಕಂಪನಿಗೆ ಕಟ್ಟುವುದಂತೂ ತಪ್ಪುತ್ತಿರಲಿಲ್ಲ. ಇವೆಲ್ಲಕ್ಕಿಂತ ನನ್ನನ್ನು ತಡೆದದ್ದು ಬ್ಯಾಂಕಿಂಗ್ ಎಂಬ ಒಂದು ಸಣ್ಣ ಷರತ್ತು. ನಮ್ಮ ಪಾಲಿನ ಸೌರ ವಿದ್ಯುತ್ತಿನಲ್ಲಿ ಬಳಸದೆ ಉಳಿದದ್ದನ್ನು ಆಯಾ ತಿಂಗಳೊಳಗೇ ಬಳಸಿಕೊಳ್ಳಬೇಕಿತ್ತು, ಮುಂದಿನ ತಿಂಗಳಿಗೆ ಒಯ್ಯುವಂತಿರಲಿಲ್ಲ. ವರ್ಷವಿಡೀ ಒಂದೇ ಸಮ ಓಡುವ ಕಾರ್ಖಾನೆಗೆ ಇದು ದೊಡ್ಡ ತೊಡಕಾಗದಿರಬಹುದು. ಜೂನ್‌ನಿಂದ ಜನವರಿಯವರೆಗೆ ಬಹುಪಾಲು ಖಾಲಿಯಿರುವ ಶೀತಲಗೃಹಕ್ಕೆ ಮಾತ್ರ ನಾಲ್ಕು ತಿಂಗಳ ಲಾಭವನ್ನು ಎಂಟು ತಿಂಗಳ ನಷ್ಟ ನುಂಗಿಹಾಕುತ್ತಿತ್ತು. ಈ ಮಾತನ್ನು ಮಧ್ಯವರ್ತಿ ನಮಗೆ ಹೇಳಿರಲಿಲ್ಲ, ನಾವೂ ಕೇಳಿರಲಿಲ್ಲ.

ಮೊದಲಿಗೆ ನನಗೆ ಸಿಟ್ಟು ಬಂದದ್ದು ಸರ್ಕಾರದ ಮೇಲೆ. ಬಾಗಿಲು ತೆರೆದಂತೆ ಮಾಡಿ ಹೊಸ್ತಿಲಲ್ಲೇ ಸುಂಕ ಕಟ್ಟಿಸಿಕೊಳ್ಳುವುದು ಎಲ್ಲಿಯ ನ್ಯಾಯವೆಂದು ಯಜಮಾನರೊಂದಿಗೆ ವಾದಿಸಿದೆ. ಆಮೇಲೆ 2003ರ ವಿದ್ಯುಚ್ಛಕ್ತಿ ಕಾಯ್ದೆಯ 42ನೇ ಸೆಕ್ಷನ್ನನ್ನು ನಿಧಾನವಾಗಿ ಓದಿದಾಗ ಆ ಮೇಲ್ತೆರಿಗೆಯ ಹಿಂದಿನ ಲೆಕ್ಕ ತಿಳಿಯಿತು. ಉದ್ಯಮಗಳು ತೆರುವ ದರದ ಒಂದು ಪಾಲು ಕಡಿಮೆ ದರದ ಗ್ರಾಹಕರ ಹೊರೆಯನ್ನು ಹೊರುತ್ತದೆ. ಹೆಚ್ಚು ತೆರುವವರು ಒಬ್ಬೊಬ್ಬರಾಗಿ ಹೊರಗೆ ಹೋದರೆ ಉಳಿದವರ ಮೇಲೆ ಆ ಹೊರೆ ಬೀಳುತ್ತದೆ ಎಂಬುದಕ್ಕಾಗಿ ಈ ಶುಲ್ಕ. ಅರಸೀಕೆರೆಯ ಕಡೆ ನಮ್ಮಣ್ಣನ ತೆಂಗಿನ ತೋಟವಿದೆ. 10 ಅಶ್ವಶಕ್ತಿವರೆಗಿನ ಪಂಪ್‌ಸೆಟ್‌ಗಳಿಗೆ ರಾಜ್ಯದಲ್ಲಿ ಉಚಿತ ವಿದ್ಯುತ್ತು ಇರುವುದರಿಂದಲೇ, ಕೊಳವೆಬಾವಿಯ ನೀರು ಆಳಕ್ಕಿಳಿದ ವರ್ಷಗಳಲ್ಲೂ ಆ ತೋಟ ಒಣಗದೆ ಉಳಿದಿದೆ. ಆ ನೆರವು ತಪ್ಪೆಂದು ಹೇಳಲು ನನಗೆ ಬಾಯಿ ಬರುವುದಿಲ್ಲ. ಆದರೆ ಅದರ ಹಣ ಬೊಕ್ಕಸದಿಂದ, ಬಜೆಟ್ಟಿನಲ್ಲಿ ಎಲ್ಲರಿಗೂ ಕಾಣುವಂತೆ ಬರಬೇಕು. ಸರ್ಕಾರ ಯಾರಿಗಾದರೂ ಸಹಾಯಧನ ಕೊಡುವುದಾದರೆ ಮೊತ್ತವನ್ನು ಮುಂಗಡವಾಗಿ ಪಾವತಿಸಬೇಕೆಂದು ಅದೇ ಕಾಯ್ದೆಯ 65ನೇ ಸೆಕ್ಷನ್ ಹೇಳುತ್ತದೆ. ಹಾಗೆ ಪಾವತಿಯಾಗದಿದ್ದಾಗ ವಿತರಣಾ ಕಂಪನಿ ಸಾಲ ಮಾಡುತ್ತದೆ, ಆ ಸಾಲದ ಬಡ್ಡಿ ಮುಂದೆಂದೋ ಶೀತಲಗೃಹದ ಬಿಲ್ಲಿನಲ್ಲಿ ಬೇರೆ ಹೆಸರಿನಿಂದ ಬಂದು ಕೂರುತ್ತದೆ. ಕೊನೆಗೆ ಅದನ್ನು ಮೂಟೆಯ ಬಾಡಿಗೆಯ ರೂಪದಲ್ಲಿ ತೆರುವವನು ಮತ್ತೆ ರೈತನೇ.

ಮಾರುಕಟ್ಟೆಯ ಕೈಗೆ ಎಲ್ಲವನ್ನೂ ಒಪ್ಪಿಸಿದರೆ ಸರಿಹೋಗುತ್ತದೆ ಎಂದು ವಾದಿಸುವ ಗೆಳೆಯರಿಗೆ ನಾನು 2022ರ ಮಾರ್ಚ್ ತಿಂಗಳನ್ನು ನೆನಪಿಸುತ್ತೇನೆ. ನಮ್ಮ ದೇಶದ ವಿದ್ಯುತ್ ವಿನಿಮಯ ಕೇಂದ್ರಗಳು 2008ರಲ್ಲಿ ಆರಂಭವಾದವು. ಅಲ್ಲಿ ಮರುದಿನದ ವಿದ್ಯುತ್ತನ್ನು ಹದಿನೈದು ನಿಮಿಷಗಳ 96 ತುಣುಕುಗಳಾಗಿ ಕೊಂಡು ಮಾರುತ್ತಾರೆ. ಆ ಮಾರ್ಚ್‌ನಲ್ಲಿ ದರ ಯೂನಿಟ್‌ಗೆ 20 ರೂಪಾಯಿಯವರೆಗೂ ಏರಿತು. ಕೇಂದ್ರ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಮೊದಲು 12 ರೂಪಾಯಿಯ, ಮರುವರ್ಷ 10 ರೂಪಾಯಿಯ ಮಿತಿ ಹಾಕಿತು. ಮಿತಿ ಹಾಕಿದ್ದರಿಂದ ದರ ನಿಂತಿತು, ಇಲ್ಲದ ವಿದ್ಯುತ್ತು ಹುಟ್ಟಲಿಲ್ಲ. ಕೊಳ್ಳಲು ಬಂದವರಿಗೆ ಕೇಳಿದಷ್ಟು ಸಿಗದೆ, ಇದ್ದದ್ದನ್ನು ಪಾಲು ಮಾಡಿ ಹಂಚಬೇಕಾಯಿತು. ಉಷ್ಣತೆ 4 ಡಿಗ್ರಿ ದಾಟಬಾರದೆಂಬ ಭಯದಲ್ಲಿ ಬದುಕುವ ನನ್ನಂಥವನಿಗೆ ಅಂಥ ಹೊತ್ತಿನಲ್ಲಿ ಅಗ್ಗದ ದರಕ್ಕಿಂತ ಖಚಿತವಾದ ಸರಬರಾಜು ಮುಖ್ಯವಾಗುತ್ತದೆ.

2023ರಲ್ಲಿ ಮುಂಗಾರು ಕೈಕೊಟ್ಟಾಗ ಇದು ಇನ್ನೂ ಸ್ಪಷ್ಟವಾಯಿತು. ಜಲಾಶಯಗಳಲ್ಲಿ ನೀರಿಲ್ಲದೆ ಶರಾವತಿಯಂಥ 1,035 ಮೆಗಾವಾಟ್‌ನ ಕೇಂದ್ರವನ್ನೂ ಕೈಹಿಡಿದು ಬಳಸಬೇಕಾದ ಸ್ಥಿತಿ ಬಂತು. ಆ ಅಕ್ಟೋಬರ್‌ನಲ್ಲಿ ರಾಜ್ಯ ಸರ್ಕಾರ ಕಾಯ್ದೆಯ 11ನೇ ಸೆಕ್ಷನ್ ಬಳಸಿ, ರಾಜ್ಯದೊಳಗಿನ ಉತ್ಪಾದಕರು ತಮ್ಮ ವಿದ್ಯುತ್ತನ್ನು ರಾಜ್ಯದ ಜಾಲಕ್ಕೇ ಕೊಡಬೇಕೆಂದು ಆದೇಶಿಸಿತು. ಅದರ ಜೊತೆಗೆ ಉತ್ತರ ಪ್ರದೇಶ ಮತ್ತು ಪಂಜಾಬ್ ರಾಜ್ಯಗಳೊಂದಿಗೆ ವಿನಿಮಯದ ಏರ್ಪಾಡು ಮಾಡಿಕೊಂಡು, ಬೇಸಿಗೆ ಮುಗಿಯುವವರೆಗೆ ಅವರಿಂದ ವಿದ್ಯುತ್ತು ಪಡೆದು, ಇಲ್ಲಿ ಗಾಳಿ ಬೀಸುವ ಮಳೆಗಾಲದಲ್ಲಿ ಹಿಂದಿರುಗಿಸುವುದೆಂದು ಒಪ್ಪಿಕೊಂಡಿತು. ಪಂಜಾಬಿಗೆ ಭತ್ತದ ನಾಟಿಯ ಜೂನ್ ತಿಂಗಳಿನಿಂದಲೇ ವಿದ್ಯುತ್ತು ಹೆಚ್ಚು ಬೇಕಾಗುವುದರಿಂದ ಇಬ್ಬರಿಗೂ ಇದು ಹೊಂದುತ್ತಿತ್ತು. ಈ ಸುದ್ದಿಯನ್ನು ಹೇಳಿದಾಗ ನಮ್ಮ ಮೆಕ್ಯಾನಿಕ್ ಸಂತೋಷದಿಂದ, “ಗಡ್ಡೇನೂ ಅಲ್ಲಿಂದಲೇ, ಅದನ್ನ ಕಾಯೋ ಕರೆಂಟೂ ಅಲ್ಲಿಂದಲೇ ಅನ್ನಿ ಸರ್” ಎಂದರು. ಬರಗಾಲದಲ್ಲಿ ರಾಜ್ಯ ರಾಜ್ಯಗಳ ನಡುವೆ ಇಂಥ ಕೊಡುಕೊಳ್ಳುವಿಕೆಯನ್ನು ಕೂಡಿಸುವ ಕೆಲಸವನ್ನು ಯಾವ ಖಾಸಗಿ ಮಾರಾಟಗಾರನೂ ನಮಗಾಗಿ ಮಾಡುತ್ತಿರಲಿಲ್ಲ.

ಹಾಗೆಂದು ಮಾರುಕಟ್ಟೆ ನಮಗೆ ಏನನ್ನೂ ಕಲಿಸಲಿಲ್ಲವೆಂದಲ್ಲ. ಒಂದೇ ದಿನದ ವಿದ್ಯುತ್ತಿಗೂ ಹೊತ್ತಿಗೊಂದು ಬೆಲೆಯಿದೆ ಎಂಬುದನ್ನು ನಾನು ಅರಿತದ್ದು ಆ 96 ತುಣುಕುಗಳ ದರಪಟ್ಟಿಯನ್ನು ನೋಡಿಯೇ. ಬಿಸಿಲಿರುವಾಗ ಇಳಿಯುವ ದರ, ಸೂರ್ಯ ಮುಳುಗಿ ಮನೆಮನೆಗಳಲ್ಲಿ ದೀಪ ಹೊತ್ತಿದ ಕೂಡಲೇ ಏರುತ್ತದೆ. ನಮ್ಮ ಬಿಲ್ಲಿನಲ್ಲೂ ಇದರ ನೆರಳಿತ್ತು: ಸಂಜೆ 6ರಿಂದ ರಾತ್ರಿ 10ರವರೆಗೆ ಯೂನಿಟ್‌ಗೆ 1 ರೂಪಾಯಿ ಹೆಚ್ಚು, 10ರಿಂದ ಬೆಳಗಿನ 6ರವರೆಗೆ 1 ರೂಪಾಯಿ ಕಡಿಮೆ. ವರ್ಷಗಟ್ಟಲೆ ಆ ಸಾಲನ್ನು ನೋಡಿಯೂ ಕಂಪ್ರೆಸರನ್ನು ಗಡಿಯಾರ ನೋಡದೆ ಓಡಿಸುತ್ತಿದ್ದೆವು.

ಸಂಜೆ 6ರಿಂದ 10ರವರೆಗಿನ ನಾಲ್ಕು ಗಂಟೆಗಳ ಕಾಲ ಕಂಪ್ರೆಸರ್ ನಿಲ್ಲಿಸೋಣ ಎಂದಾಗ ಮೆಕ್ಯಾನಿಕ್ ಒಪ್ಪಲಿಲ್ಲ. “ಗಡ್ಡೆ ಬೆವರ್ತವೆ ಸರ್, ಕೊಳೆತರೆ ನಾನು ಜವಾಬ್ದಾರನಲ್ಲ” ಎಂದರು. ಅವರ ಆತಂಕದಲ್ಲಿ ಹುರುಳಿದ್ದುದರಿಂದ ಮೊದಲು ಒಂದೇ ಕೋಣೆಯಲ್ಲಿ ಪ್ರಯತ್ನಿಸಿದೆವು. ಮಧ್ಯಾಹ್ನವೇ ಕೋಣೆಯನ್ನು ಕೆಳಗಿನ ಮಿತಿಗೆ ತಂದು, 6 ಗಂಟೆಗೆ ಬಾಗಿಲು ಮುಚ್ಚಿ, ಅರ್ಧ ಗಂಟೆಗೊಮ್ಮೆ ಉಷ್ಣತೆ ಬರೆದುಕೊಂಡೆವು. ಟನ್ನುಗಟ್ಟಲೆ ತಣ್ಣಗಿರುವ ಗಡ್ಡೆಯೇ ತಂಪನ್ನು ಹಿಡಿದಿಟ್ಟುಕೊಂಡಿತು, 10 ಗಂಟೆಯಾದರೂ ಮುಳ್ಳು ಮಿತಿಯೊಳಗೇ ಇತ್ತು. ಹೊಸ ಗಡ್ಡೆ ಇಳಿಸಿದ ಮೊದಲ ವಾರಗಳಲ್ಲಿ ಮಾತ್ರ ಇದು ಸಲ್ಲದು, ಏಕೆಂದರೆ ಬಿಸಿ ಇನ್ನೂ ಗಡ್ಡೆಯೊಳಗೇ ಇರುತ್ತದೆ. 60 ಕಿಲೋವಾಟ್‌ನ ಯಂತ್ರ ನಾಲ್ಕು ಗಂಟೆಗಳಲ್ಲಿ 240 ಯೂನಿಟ್ ಎಳೆಯುತ್ತದೆ. ಅಷ್ಟನ್ನು ಸಂಜೆಯಿಂದ ರಾತ್ರಿಗೆ ದೂಡಿದರೆ, ಆ ದರದಲ್ಲಿ ಯೂನಿಟ್‌ಗೆ 2 ರೂಪಾಯಿಯಂತೆ ದಿನಕ್ಕೆ 480 ರೂಪಾಯಿ, 90 ದಿನಕ್ಕೆ 43,200 ರೂಪಾಯಿ ಉಳಿಯುತ್ತದೆ. ನಮಗೆ ಇದು ಸಣ್ಣ ಮೊತ್ತವಲ್ಲ. ಆ ನಾಲ್ಕು ಗಂಟೆ ನಾವು ಬಿಟ್ಟುಕೊಟ್ಟ ವಿದ್ಯುತ್ತು ಯಾವುದೋ ಮನೆಯ ದೀಪಕ್ಕೆ ಸಲ್ಲುತ್ತದೆ ಎಂಬುದೂ ನನಗೆ ಸಮಾಧಾನದ ವಿಷಯ.

ಈಗ ನನ್ನ ಬೇಡಿಕೆ ಸೌರ ಅವಧಿಯ ರಿಯಾಯಿತಿಗಾಗಿ. ಬಿಸಿಲಿರುವ ಎಂಟು ಗಂಟೆಗಳ ದರ ಸಾಮಾನ್ಯ ದರಕ್ಕಿಂತ ಕನಿಷ್ಠ 20 ಶೇಕಡಾ ಕಡಿಮೆ ಇರಬೇಕೆಂದು ಕೇಂದ್ರ ಸರ್ಕಾರ 2023ರ ಜೂನ್‌ನಲ್ಲಿ ನಿಯಮ ತಿದ್ದಿದೆ. ಹಗಲಿನಲ್ಲೇ ತಂಪನ್ನು ತುಂಬಿಟ್ಟುಕೊಳ್ಳಬಲ್ಲ ಶೀತಲಗೃಹಗಳಿಗೆ ಅದು ಹೇಳಿ ಮಾಡಿಸಿದಂತಿದೆ. ದರ ಪರಿಷ್ಕರಣೆಗೆ ಮೊದಲು ರಾಜ್ಯ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಸಾರ್ವಜನಿಕ ವಿಚಾರಣೆ ನಡೆಸುತ್ತದೆ, ಯಾವ ಗ್ರಾಹಕರಾದರೂ ಲಿಖಿತ ಆಕ್ಷೇಪಣೆ ಸಲ್ಲಿಸಬಹುದು. ನಮ್ಮ ಕಸುಬಿನ ಗೆಳೆಯರು ಬಿಲ್ಲು ಬಂದ ಮೇಲೆ ಬೇಸರಪಡುವ ಬದಲು ಅಲ್ಲಿಗೆ ತಮ್ಮ ಲೆಕ್ಕದ ಪುಸ್ತಕದೊಂದಿಗೆ ಹೋಗಬೇಕೆಂದು ಕೇಳಿಕೊಳ್ಳುತ್ತೇನೆ.

ಹೋದ ವಾರ ಮಧ್ಯವರ್ತಿ ಹೊಸ ಕರಡಿನೊಂದಿಗೆ ಮತ್ತೆ ಕರೆ ಮಾಡಿದ್ದರು. ನಮ್ಮ ತಿಂಗಳುವಾರು ಬಳಕೆಯ ಪಟ್ಟಿಯನ್ನು ಅವರಿಗೆ ಕಳುಹಿಸಿ, ಜೂನ್‌ನಿಂದ ಜನವರಿಯವರೆಗಿನ ಯೂನಿಟ್‌ಗಳನ್ನು ಏನು ಮಾಡುತ್ತೀರಿ ಎಂಬುದನ್ನು ಮೊದಲು ಬರೆದು ತಿಳಿಸಿ ಎಂದು ಕೇಳಿದ್ದೇನೆ.