ಬೇರೆಯವರ ತಪ್ಪಿನಿಂದ ನಿಜವಾಗಿ ಕಲಿಯಬಹುದಾ?

"ಬೇರೆಯವರ ತಪ್ಪು ನೋಡಿ ಕಲಿಯಬಹುದಾ, ಇಲ್ಲ ನಾವೇ ಕೈ ಸುಟ್ಟುಕೊಂಡರೆ ಮಾತ್ರ ಬುದ್ಧಿ ಬರುತ್ತದಾ?" ಹೊಸದಾಗಿ ವ್ಯಾಪಾರಕ್ಕೆ ಇಳಿದವರು, ಕೆಲಸಕ್ಕೆ ಸೇರಿದವರು ನನ್ನನ್ನು ಕೇಳುತ್ತಲೇ ಇರುತ್ತಾರೆ. ಖಂಡಿತ ಕಲಿಯಬಹುದು. ಆದರೆ ತಪ್ಪು ಮಾಡಿದವನನ್ನು ಬಿಟ್ಟು, ಆ ತಪ್ಪಿಗೆ ದಾರಿ ಎಲ್ಲಿ ಸಿಕ್ಕಿತು ಅಂತ ನೋಡಬೇಕು.

ಬೇರಿಂಗ್ಸ್ ಬ್ಯಾಂಕನ್ನೇ ತೆಗೆದುಕೊಳ್ಳಿ. 1762ರಲ್ಲಿ ಶುರುವಾದ ಲಂಡನ್ನಿನ ಬ್ಯಾಂಕು. ಸಿಂಗಪುರದಲ್ಲಿ ಅದರ ಟ್ರೇಡರ್ ಆಗಿದ್ದ ನಿಕ್ ಲೀಸನ್ ಮಾಡಿದ ಸುಮಾರು 82.7 ಕೋಟಿ ಪೌಂಡ್ ನಷ್ಟದಿಂದ 1995ರಲ್ಲಿ ಮುಳುಗಿತು. ಈ ಕಥೆ ಹೇಳುವವರೆಲ್ಲ ಅವನ ಸುಳ್ಳು, ದುರಾಸೆಯನ್ನೇ ಹೇಳುತ್ತಾರೆ. ಕೇಳಿದವರು 'ನಾವೇನು ಅಂಥವರಲ್ಲ' ಅಂದುಕೊಂಡು ಎದ್ದು ಹೋಗುತ್ತಾರೆ. ಗಮನಿಸಬೇಕಾದ್ದು ಬೇರೆ. ವಹಿವಾಟು ಮಾಡುತ್ತಿದ್ದವನೂ ಅವನೇ, ಅದರ ಲೆಕ್ಕ ನೋಡುವ ವಿಭಾಗದ ಮೇಲ್ವಿಚಾರಕನೂ ಅವನೇ. ಹಾಗಾಗಿ ನಷ್ಟವನ್ನೆಲ್ಲ 88888 ಅನ್ನುವ ಖಾತೆಯಲ್ಲಿ ಬಚ್ಚಿಡಲು ಆಯಿತು.

ಅದೇ ವರ್ಷ ಜಪಾನಿನ ದೈವಾ ಬ್ಯಾಂಕಿನ ನ್ಯೂಯಾರ್ಕ್ ಶಾಖೆಯಲ್ಲಿ ಸುಮಾರು 110 ಕೋಟಿ ಡಾಲರ್ ನಷ್ಟ ಹೊರಬಿತ್ತು. ಹತ್ತು ವರ್ಷಕ್ಕೂ ಜಾಸ್ತಿ ಅದು ಮುಚ್ಚಿಯೇ ಇತ್ತು. ಅಲ್ಲೂ ಬಾಂಡ್ ವಹಿವಾಟು, ಲೆಕ್ಕ ಎರಡೂ ಒಬ್ಬನ ಕೈಯಲ್ಲೇ! ದೇಶ ಬೇರೆ, ಜನ ಬೇರೆ, ತೂತು ಮಾತ್ರ ಅದೇ.

ಬ್ಯಾಂಕಿನ ಕಥೆ ನಮಗ್ಯಾಕೆ ಅನ್ನಬೇಡಿ. ಸಣ್ಣ ಆಫೀಸಿನಲ್ಲಿ ಬಿಲ್ ಪಾಸ್ ಮಾಡುವವರು, ದುಡ್ಡು ಕಳಿಸುವವರು, ಕೊನೆಗೆ ಬ್ಯಾಂಕ್ ಸ್ಟೇಟ್‌ಮೆಂಟ್ ತಾಳೆ ನೋಡುವವರು ಎಷ್ಟೋ ಸಲ ಒಬ್ಬರೇ. ನಂಬಿಕಸ್ಥರೇ ಇರಬಹುದು. ಆದರೂ ಅವರ ಕೈತಪ್ಪಿನಿಂದ ಆದದ್ದು ಯಾರ ಕಣ್ಣಿಗೂ ಬೀಳುವುದಿಲ್ಲ, ಅಲ್ವಾ?

ಇನ್ನೊಂದು ತೊಡಕು, ತಪ್ಪನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಅಮೆರಿಕದ ವಿಮಾನಯಾನದವರು ಇದಕ್ಕೊಂದು ದಾರಿ ಮಾಡಿಕೊಂಡಿದ್ದಾರೆ. 1976ರಿಂದ ಅಲ್ಲಿನ ಪೈಲಟ್‌ಗಳು ತಮ್ಮ ಎಡವಟ್ಟುಗಳನ್ನು ತಾವೇ ಬರೆದು ನಾಸಾಗೆ ಕಳಿಸಬಹುದು. ನಾಸಾ ಅದರಲ್ಲಿರುವ ಹೆಸರು ತೆಗೆದುಹಾಕುತ್ತದೆ. ಲೈಸೆನ್ಸ್ ಕಿತ್ತುಕೊಳ್ಳುವ ಅಧಿಕಾರ ಇರುವ ಇಲಾಖೆಗೆ ಕೊಡದೆ ನಾಸಾಗೆ ಈ ಕೆಲಸ ಕೊಟ್ಟದ್ದೇ ಜಾಣತನ.

ನಮಗೆ ಅಂಥ ವ್ಯವಸ್ಥೆ ಇಲ್ಲ, ಕೇಳಿಯೇ ತಿಳಿಯಬೇಕು. ವ್ಯಾಪಾರ ಕೈಬಿಟ್ಟವರು ಸಿಕ್ಕರೆ "ಏನು ತಪ್ಪು ಮಾಡಿದಿರಿ?" ಅನ್ನಬೇಡಿ. ಇಸ್ತ್ರಿ ಹಾಕಿದ ಉತ್ತರ ಬರುತ್ತದೆ. "ಆ ತೀರ್ಮಾನ ಮಾಡಿದಾಗ ನಿಮಗೆ ಏನೇನು ಗೊತ್ತಿತ್ತು? ಬೇಡ ಅಂದವರು ಯಾರಾದರೂ ಇದ್ದರಾ? ಅವರ ಮಾತು ಯಾಕೆ ನಡೆಯಲಿಲ್ಲ?" ಅಂತ ಕೇಳಿ. ಕೊನೆಯ ಪ್ರಶ್ನೆಗೆ ಅವರು ಸ್ವಲ್ಪ ಹೊತ್ತು ತೆಗೆದುಕೊಳ್ಳುತ್ತಾರೆ. ನಡುವೆ ಬಾಯಿ ಹಾಕಬೇಡಿ.