ಮಂಡಕ್ಕಿ ಭಟ್ಟಿಯ ಖಾತೆ, ಮೂರು ನಮೂದು

ಹನ್ನೆರಡು ವರ್ಷ ವಕೀಲಿಕೆ ಮಾಡಿದರೂ ಅರ್ಜಿಯಲ್ಲಿ ಆವೇಶ ತುಂಬುವ ಚಟ ನನ್ನನ್ನು ಬಿಟ್ಟಿರಲಿಲ್ಲ. ಬಿಡಿಸಿದವರು ದಾವಣಗೆರೆಯ ಮಂಡಕ್ಕಿ ಭಟ್ಟಿಯ ಯಜಮಾನರೊಬ್ಬರು.

ಅವರ ಬಾಮೈದ ಚೀಟಿ ವಂಚನೆಯಲ್ಲಿ ಆರೋಪಿ. ಅವನ ಹಣ ಇವರ ಚಾಲ್ತಿ ಖಾತೆಗೆ ಬಂದಿದೆ ಎಂದು ತನಿಖಾಧಿಕಾರಿ ಅಪರಾಧದಿಂದ ಬಂದ ಹಣದ ಮುಟ್ಟುಗೋಲಿಗೆ ಅವಕಾಶ ಕೊಡುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 107ರಡಿ ನ್ಯಾಯಾಲಯಕ್ಕೆ ಹೋಗಿದ್ದರು. ಮುಟ್ಟುಗೋಲಿಗೆ ಮುನ್ನ ಕಾರಣ ಕೇಳಿ 14 ದಿನಗಳ ನೋಟಿಸ್ ಕೊಡುವುದು ವಾಡಿಕೆ. ನೋಟಿಸ್ ಕೊಟ್ಟರೆ ಹಣ ಕೈತಪ್ಪೀತು ಎನಿಸಿದರೆ ಖಾತೆದಾರರನ್ನು ಕೇಳದೆಯೇ ತಡೆಹಿಡಿಯುವ ಏಕಪಕ್ಷೀಯ ಮಧ್ಯಂತರ ಆದೇಶಕ್ಕೂ ಅವಕಾಶವಿದೆ. ಇಲ್ಲಿ ಆದದ್ದು ಅದೇ. ಭತ್ತದ ವ್ಯಾಪಾರಿಗೆ ಕೊಟ್ಟ ಚೆಕ್ ವಾಪಸಾದಾಗಲೇ ಯಜಮಾನರಿಗೆ ಸುದ್ದಿ ತಿಳಿದದ್ದು.

ಖಾತೆ ಬಿಡಿಸಲು ನಾಲ್ಕು ಪುಟದ ಅರ್ಜಿ ಬರೆದೆ: ಅಮಾಯಕರು, ಎಫ್‌ಐಆರ್‌ನಲ್ಲಿ ಹೆಸರಿಲ್ಲ, ತಂದೆಯ ಕಾಲದ ಭಟ್ಟಿ. ನ್ಯಾಯಾಧೀಶರು ಪುಟ ತಿರುವಿ, "ವಕೀಲರೇ, ಖಾತೆಯಲ್ಲಿರುವ ಹಣ ಎಲ್ಲಿಂದ ಬಂತು?" ಎಂದರು. ನನ್ನ ಬಳಿ ಉತ್ತರವಿರಲಿಲ್ಲ. ಕಲಂ 107 ಕೇಳುವುದು ಹಣದ ಜಾತಕ. ನಾನು ಬರೆದದ್ದು ಮನುಷ್ಯನ ಗುಣಗಾನ.

ಸಂಜೆ ಭಟ್ಟಿಗೇ ಹೋದೆ. ಹೊಗೆಗೆ ಕಣ್ಣು ಉರಿಯುತ್ತಿತ್ತು. ಬ್ಯಾಂಕಿನ ಲೆಕ್ಕದ ಹಾಳೆಯ ಮೇಲೆ ಅಡಿಪಟ್ಟಿ ಇಟ್ಟು ಸಾಲುಸಾಲಾಗಿ ಇಳಿದೆವು; ಜಮಾ ಆದ ಒಂದೊಂದು ಮೊತ್ತಕ್ಕೂ ಚೀಲದ ಬಿಲ್ಲು, ಲಾರಿ ಬಾಡಿಗೆಯ ರಸೀದಿ. ಮೂರು ಕಡೆ ಅವರ ಬೆರಳು ನಿಂತಿತು. ಒಟ್ಟು 2.40 ಲಕ್ಷ.

"ಬಾಮೈದ ಹಾಕಿದ್ದು ಸಾರ್, ಕೈಸಾಲ ತೀರಿಸಿದ. ಕೊಟ್ಟದ್ದು ಮನೆಯವರಿಗೆ ಗೊತ್ತಿಲ್ಲ, ಅದಕ್ಕೇ ಹೇಳಲಿಲ್ಲ."

ಸಾಲಕ್ಕೆ ಪತ್ರವೂ ಇರಲಿಲ್ಲ.

ಹೊಸ ಅರ್ಜಿಯ ಮೊದಲ ಪ್ಯಾರಾದಲ್ಲೇ ಆ ಮೂರು ನಮೂದುಗಳನ್ನು ಬರೆದೆ. ಅಷ್ಟು ಹಣ ತಡೆಯಲ್ಲೇ ಇರಲಿ, ಅದರ ತಕರಾರು ಮುಂದೆ, ಉಳಿದ 8.65 ಲಕ್ಷದ ಲೆಕ್ಕ ಇಲ್ಲಿದೆ ಎಂದೆ. "ನಾವೇ ಒಪ್ಪಿಕೊಂಡಂತಾಗುವುದಿಲ್ಲವೇ?" ಎಂದು ಯಜಮಾನರು ಎರಡು ದಿನ ಸಹಿ ಹಾಕಲಿಲ್ಲ. ಹಣ ಬಂದದ್ದನ್ನು ಒಪ್ಪುತ್ತೇವೆ, ಅದು ಅಪರಾಧದ ಹಣವೆಂಬುದನ್ನು ಒಪ್ಪುವುದಿಲ್ಲ ಎಂಬ ಸಾಲು ಸೇರಿಸಿದ ಮೇಲೆ ಹಾಕಿದರು. ಸರ್ಕಾರಿ ಅಭಿಯೋಜಕರು ಆಕ್ಷೇಪಿಸಲು ಎದ್ದವರು, ನಮ್ಮ ಮೂರು ನಮೂದುಗಳು ತನಿಖಾಧಿಕಾರಿಯ ಪಟ್ಟಿಗೆ ತಾಳೆಯಾದದ್ದನ್ನು ಕಂಡು ಕುಳಿತರು. ಉಳಿದ ಹಣ ಬಿಡುಗಡೆಯಾಯಿತು.

ಈಗ ಇಂತಹ ಕಕ್ಷಿದಾರರು ಬಂದರೆ ವಕಾಲತ್ತಿಗಿಂತ ಮೊದಲು ಅಡಿಪಟ್ಟಿ ತೆಗೆಯುತ್ತೇನೆ.

2.40 ಲಕ್ಷದ ವಾದ ಇನ್ನೂ ನಡೆದಿದೆ. ಸೋತರೆ ಅದು ಜಿಲ್ಲಾಧಿಕಾರಿಯ ಮೂಲಕ ಚೀಟಿ ಕಟ್ಟಿ ಮೋಸಹೋದವರಿಗೆ ಹಂಚಿಕೆಯಾಗುತ್ತದೆ ಎಂದು ಯಜಮಾನರಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮ ಭಟ್ಟಿಯ ಹುಡುಗರಿಬ್ಬರೂ ಕಟ್ಟಿದ್ದರು ಸಾರ್" ಎಂದರು.