ಕ್ವಾಡ್‌ಗೆ ಅದರ ಬೆಲೆ ಸಿಗಲಿ, ಹೆಜ್ಜೆಗೂ ಸಿಗಲಿ

2018ರವರೆಗೆ ಫಿಗರ್ ಸ್ಕೇಟಿಂಗ್‌ನಲ್ಲಿ ಹೀಗೊಂದು ಲೆಕ್ಕ ಇತ್ತು. ಒಬ್ಬ ಸ್ಕೇಟರ್ ಕ್ವಾಡ್ ಲಟ್ಜ್, ಅಂದರೆ ಲಟ್ಜ್ ಅನ್ನುವ ಜಂಪ್ ಅನ್ನು ಗಾಳಿಯಲ್ಲಿ ನಾಲ್ಕು ಸುತ್ತಿನೊಂದಿಗೆ ಹಾರುತ್ತಾನೆ. ನಾಲ್ಕು ಸುತ್ತು ಪೂರ್ತಿ ತಿರುಗುತ್ತಾನೆ, ಆದರೆ ಇಳಿಯುವಾಗ ಬಿದ್ದುಬಿಡುತ್ತಾನೆ. ಆ ಜಂಪ್‌ನ ಮೂಲ ಬೆಲೆ 13.6. ಬಿದ್ದದ್ದಕ್ಕೆ 4 ಪಾಯಿಂಟ್ ಕಳೆದು, ಮೇಲೆ 1 ಪಾಯಿಂಟ್ ದಂಡ ಹಾಕಿದರೂ 8.6 ಉಳಿಯುತ್ತಿತ್ತು. ಇನ್ನೊಬ್ಬ ಮೂರೇ ಸುತ್ತಿನ ಲಟ್ಜ್ ಹಾರಿ, ಯಾವ ಜಡ್ಜ್‌ಗೂ ಒಂದು ತಪ್ಪು ಹುಡುಕಲು ಆಗದ ಹಾಗೆ ಇಳಿದರೂ ಅವನಿಗೆ ಹೆಚ್ಚೆಂದರೆ 8.1. ಬಿದ್ದವನೇ ಮುಂದೆ!

2018ರಲ್ಲಿ ಇದನ್ನು ಸರಿ ಮಾಡಿದರು. ಕ್ವಾಡ್ ಲಟ್ಜ್ 11.5ಕ್ಕೆ ಇಳಿಯಿತು, ಬಿದ್ದರೆ ಅದರ ಅರ್ಧ ಹೋಗುತ್ತದೆ, ದಂಡ ಬೇರೆ. ಕೊನೆಗೆ ಸಿಗುವುದು 4.75. ಒಳ್ಳೆಯ ಟ್ರಿಪಲ್ ಲಟ್ಜ್ ಈಗ ಅದಕ್ಕಿಂತ ಎಷ್ಟೋ ಮೇಲೆ. ನನಗೆ ಇದು ನಿಜವಾಗಿಯೂ ಖುಷಿ ಕೊಟ್ಟ ಬದಲಾವಣೆ. ಆದರೆ ಅರ್ಧ ಕೆಲಸ ಮಾತ್ರ ಆಗಿದೆ.

ಮೊದಲೇ ಹೇಳಿಬಿಡುತ್ತೇನೆ, ನಾನು ಕ್ವಾಡ್ ವಿರೋಧಿ ಅಲ್ಲ. ಲಟ್ಜ್ ಅನ್ನು ಒಮ್ಮೆ ನಿಧಾನ ಚಲನೆಯಲ್ಲಿ ನೋಡಿ. ಎಡಗಾಲಿನ ಬ್ಲೇಡ್‌ನ ಹೊರ ಅಂಚಿನ ಮೇಲೆ ಹಿಮ್ಮುಖವಾಗಿ ಉದ್ದಕ್ಕೆ ಜಾರುತ್ತಾ ಬರಬೇಕು. ಬಲಗಾಲಿನ ಬ್ಲೇಡ್‌ನ ತುದಿಯಲ್ಲಿರುವ ಮುಳ್ಳು ಐಸ್‌ಗೆ ಚುಚ್ಚಿದ ತಕ್ಷಣ, ಇಲ್ಲಿಯವರೆಗೆ ಬಾಗಿ ಬಂದ ದಿಕ್ಕಿಗೆ ತದ್ವಿರುದ್ಧವಾಗಿ ಮೈ ತಿರುಗಬೇಕು. ಸೆಕೆಂಡ್ ಕೂಡ ತುಂಬದ ಆ ಹೊತ್ತಿನಲ್ಲಿ ನಾಲ್ಕು ಸುತ್ತು, ಆಮೇಲೆ ಒಂದೇ ಕಾಲಿನ ಮೇಲೆ ಇಳಿಯುವುದು. ಇದಕ್ಕೆ ದೊಡ್ಡ ಬೆಲೆ ಇರಲೇಬೇಕು. ಇನ್ನೊಂದು ಕಾರಣವೂ ಇದೆ. ಸುತ್ತು ಪೂರ್ತಿ ಆಯ್ತಾ ಇಲ್ವಾ ಅನ್ನುವುದನ್ನು ವಿಡಿಯೋ ಹಾಕಿ ನೋಡಬಹುದು. 2002ರ ಸಾಲ್ಟ್ ಲೇಕ್ ಒಲಿಂಪಿಕ್ಸ್‌ನ ಜಡ್ಜಿಂಗ್ ಹಗರಣ ಆದ ಮೇಲೆ ತಾನೇ 6ಕ್ಕೆ ಇಷ್ಟು ಅಂತ ಅಂಕ ಹಾಕುವ ಹಳೆಯ 6.0 ಪದ್ಧತಿ ಹೋಗಿ ಈ ಪಾಯಿಂಟ್ ಲೆಕ್ಕ ಬಂದದ್ದು.

ನನ್ನ ತಕರಾರು ಹೆಜ್ಜೆಗಳ ಬೆಲೆಯ ಬಗ್ಗೆ. ಐಸ್‌ನ ಉದ್ದಗಲಕ್ಕೂ ಅಂಚು ಬದಲಿಸುತ್ತಾ, ತಿರುವು ಮೇಲೆ ತಿರುವು ಹಾಕುತ್ತಾ, ಸಂಗೀತದ ಜೊತೆ ಹೋಗುವ ಸ್ಟೆಪ್ ಸೀಕ್ವೆನ್ಸ್ ಇದೆಯಲ್ಲ, ಅತ್ಯಂತ ಕಷ್ಟದ ನಾಲ್ಕನೇ ಹಂತದ್ದಕ್ಕೆ ಮೂಲ ಬೆಲೆ 3.9. ಪ್ರಪಂಚದಲ್ಲೇ ಯಾರೂ ಮಾಡದಷ್ಟು ಚೆನ್ನಾಗಿ ಮಾಡಿದರೂ 5.85. ಮಾಮೂಲಿ ಟ್ರಿಪಲ್ ಲಟ್ಜ್‌ನ ಮೂಲ ಬೆಲೆಯೇ 5.9! ಅರ್ಧ ನಿಮಿಷದ ಆ ಹೆಜ್ಜೆಗಾರಿಕೆ ಕಲಿಯಲು ಎಷ್ಟು ವರ್ಷ ಬೇಕು, ಯೋಚಿಸಿ.

2010ರ ವ್ಯಾಂಕೂವರ್ ಒಲಿಂಪಿಕ್ಸ್‌ನ ಜಗಳ ಹಲವರಿಗೆ ನೆನಪಿರಬಹುದು. ಇವಾನ್ ಲೈಸಾಸೆಕ್ ಒಂದೂ ಕ್ವಾಡ್ ಇಲ್ಲದೆ ಚಿನ್ನ ಗೆದ್ದರು. ಕ್ವಾಡ್ ಹಾರಿದ ಎವ್ಗೆನಿ ಪ್ಲುಶೆಂಕೊ 1.31 ಪಾಯಿಂಟ್‌ನಿಂದ ಹಿಂದೆ ಬಿದ್ದರು. ಕಲೆ ನೋಡಿ ಕೊಟ್ಟುಬಿಟ್ಟರು ಅಂತ ಈಗಲೂ ಹೇಳುವವರಿದ್ದಾರೆ. ಸ್ಕೋರ್ ಶೀಟ್ ತೆಗೆದು ನೋಡಿದರೆ, ಫ್ರೀ ಸ್ಕೇಟ್‌ನ (ಎರಡು ಸುತ್ತಿನ ಸ್ಪರ್ಧೆಯ ಉದ್ದದ ಸುತ್ತು) ಕಾಂಪೊನೆಂಟ್ ಅಂಕ, ಅಂದರೆ ಸ್ಕೇಟಿಂಗ್ ಕೌಶಲ ಮತ್ತು ಕಲೆಗೆ ಕೊಡುವ ಅಂಕ, ಇಬ್ಬರಿಗೂ ಒಂದೇ, 82.80. ಲೈಸಾಸೆಕ್ ಮುಂದೆ ಹೋಗಿದ್ದು ಜಂಪ್, ಸ್ಪಿನ್, ಹೆಜ್ಜೆಗಳ ಬೆಲೆ ಕೂಡಿಸಿದ ತಾಂತ್ರಿಕ ಅಂಕದಲ್ಲೇ. ಕಾಲು ಸೋತಿರುವ ದ್ವಿತೀಯಾರ್ಧಕ್ಕೆ ಹೆಚ್ಚು ಜಂಪ್ ಇಟ್ಟುಕೊಂಡು, ಅದರ ಶೇ. 10 ಬೋನಸ್ ಪಡೆದಿದ್ದರು. ಅದೂ ಕಷ್ಟವೇ ಅಲ್ವಾ? ಸುತ್ತು ಎಣಿಸುವುದೊಂದೇ ಕಷ್ಟದ ಅಳತೆ ಅಂತ ಯಾರು ಹೇಳಿದ್ದು?

ಆಗ ತಾಂತ್ರಿಕ, ಕಾಂಪೊನೆಂಟ್ ಎರಡೂ ಕಡೆಯ ಅಂಕ ಹತ್ತಿರ ಹತ್ತಿರ ಸಮ ಇರುತ್ತಿತ್ತು. ಈಗ ಆ ಸಮತೋಲ ಉಳಿದಿಲ್ಲ. 2024ರ ಮಾಂಟ್ರಿಯಲ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಅಮೆರಿಕದ ಇಲ್ಯಾ ಮಾಲಿನಿನ್ ಫ್ರೀ ಸ್ಕೇಟ್‌ಗೆ 227.79 ಪಡೆದರು. ಕಾಂಪೊನೆಂಟ್‌ಗೆ ಇರುವುದೇ ಸುಮಾರು 100. ಅದನ್ನು ಪೂರ್ತಿ ಕೊಟ್ಟರು ಅಂತಿಟ್ಟುಕೊಂಡರೂ ತಾಂತ್ರಿಕ ಅಂಕ 127 ದಾಟುತ್ತದೆ. ಒಂದು ಕಡೆ ಛಾವಣಿ ಇದೆ, ಇನ್ನೊಂದು ಕಡೆ ತೆರೆದ ಆಕಾಶ.

ಇದಕ್ಕಿಂತ ಜಾಸ್ತಿ ನೋವಾಗುವುದು ಇನ್ನೊಂದಕ್ಕೆ. ಕ್ವಾಡ್ ಸರಿಯಾಗಿ ಇಳಿಯಲು ಶುರುವಾದರೆ ಆ ಸ್ಕೇಟರ್‌ನ ಕಾಂಪೊನೆಂಟ್ ಅಂಕವೂ ತಾನಾಗೇ ಮೇಲೇರುತ್ತದೆ. ಮುಂದಿನ ಕ್ವಾಡ್‌ಗೆ ವೇಗ ಕೂಡಿಸಿಕೊಳ್ಳಲು ಐಸ್‌ನ ಒಂದು ತುದಿಯಿಂದ ಇನ್ನೊಂದು ತುದಿಗೆ ಬರೀ ಕ್ರಾಸ್‌ಓವರ್ (ಒಂದು ಕಾಲನ್ನು ಇನ್ನೊಂದರ ಮೇಲೆ ದಾಟಿಸುವ ಸರಳ ಹೆಜ್ಜೆ) ಹಾಕುತ್ತಾ ಹೋಗಿದ್ದರೂ ಅಷ್ಟೇ. ಜಂಪ್‌ಗೆ ಜಂಪ್‌ನ ಬೆಲೆ ಸಿಕ್ಕಾಯಿತು. ಅದೇ ಜಂಪ್‌ಗೆ ಇನ್ನೊಂದು ಕಡೆಯಿಂದಲೂ ಯಾಕೆ ಕೊಡಬೇಕು?

ಜಪಾನ್‌ನ ಯುಜುರು ಹನ್ಯು ಅವರ ಟ್ರಿಪಲ್ ಆಕ್ಸೆಲ್ (ಮುಂದಕ್ಕೆ ಮುಖ ಮಾಡಿ ಹಾರುವ ಮೂರೂವರೆ ಸುತ್ತಿನ ಜಂಪ್) ನೋಡಿದವರಿಗೆ ಕಷ್ಟ ಮತ್ತು ಕಲೆ ಬೇರೆ ಬೇರೆ ಅಂತ ಅನ್ನಿಸುವುದೇ ಇಲ್ಲ. ಹಿಮ್ಮುಖವಾಗಿ ಬಂದು, ಒಂದೇ ಕಾಲಿನ ಮೇಲೆ ಕೌಂಟರ್ ತಿರುವು ಹಾಕಿ, ಅದೇ ಅಂಚಿನಿಂದ ಮೇಲಕ್ಕೆ! ಸಿದ್ಧತೆ ಅನ್ನುವುದೇ ಕಾಣುವುದಿಲ್ಲ. ಅಮೆರಿಕದ ಜೇಸನ್ ಬ್ರೌನ್ ಅವರನ್ನೂ ನೋಡಿ. 2022ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಒಂದೂ ಕ್ವಾಡ್ ಇಲ್ಲದೆ 281.24 ಪಾಯಿಂಟ್, ಆರನೇ ಸ್ಥಾನ. ಚಿನ್ನ ಗೆದ್ದ ನೇಥನ್ ಚೆನ್‌ಗೆ 332.60. ಆ ಚಿನ್ನದ ಬಗ್ಗೆ ನನ್ನದು ಒಂದು ಮಾತೂ ಇಲ್ಲ, ಅವತ್ತು ಚೆನ್ ಅದ್ಭುತವಾಗಿ ಸ್ಕೇಟ್ ಮಾಡಿದರು. ಆದರೆ ಐವತ್ತು ಪಾಯಿಂಟ್‌ನಷ್ಟು ಅಂತರ ನಾನು ನೋಡಿದ ಐಸ್ ಮೇಲೆ ಇರಲಿಲ್ಲ.

ನನಗೆ ಬೇಕಾಗಿರುವುದು ಎರಡೇ. ಸ್ಟೆಪ್ ಸೀಕ್ವೆನ್ಸ್ ಬೆಲೆ ಕನಿಷ್ಠ ಟ್ರಿಪಲ್ ಆಕ್ಸೆಲ್‌ನ 8ರ ಹತ್ತಿರಕ್ಕೆ ಬರಲಿ. ಜಂಪ್‌ನ ಗುಣಮಟ್ಟ ಅಳೆಯುವ ಜಡ್ಜ್‌ಗಳೇ ಕಾಂಪೊನೆಂಟ್‌ಗೂ ಅಂಕ ಹಾಕುವುದು ನಿಲ್ಲಲಿ. ಕೆಲವರು ಜಂಪ್, ಸ್ಪಿನ್ ನೋಡಿಕೊಳ್ಳಲಿ, ಉಳಿದವರು ಸುಮ್ನೆ ಕಾಲು, ಮೈ, ಸಂಗೀತ ಇಷ್ಟನ್ನೇ ನೋಡಲಿ. ಇಷ್ಟಾದರೂ ತಪ್ಪಿಲ್ಲದೆ ಸ್ಕೇಟ್ ಮಾಡಿದ ದಿನ ಮಾಲಿನಿನ್ ಅವರೇ ಗೆಲ್ಲುತ್ತಾರೆ, ಗೆಲ್ಲಲಿ. ಬದಲಾಗುವುದು ಮೂರರಿಂದ ಆರನೇ ಸ್ಥಾನದವರೆಗಿನ ಪೈಪೋಟಿ. ಬ್ರೌನ್ ತರಹದವರು ಪದಕದ ಆಸೆ ಇಟ್ಟುಕೊಂಡೇ ಐಸ್‌ಗೆ ಇಳಿಯಬಹುದು.